ಪಾಪ, ಅಲ್ಲಿ ಕೆಲಸದವಳು ಸಿಗೋಲ್ಲವಂತೆ!

ಮಗಳೋ ಸೊಸೆಯೋ ವಿದೇಶದಲ್ಲಿರುವ ತಾಯಂದಿರು ನಮ್ಮ ಹಾಸನದಂಥ ಊರಿನಲ್ಲೂ ಈಗ ಬೀದಿಗೆ ನಾಲ್ವರು ಸಿಗುತ್ತಾರೆ. ಮದುವೆ ಮನೆಯಲ್ಲಿ, ದೇವಸ್ಥಾನದ ಜಗಲಿಯಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ ಅವರ ಮಾತು ಎಲ್ಲಿಂದ ಶುರುವಾದರೂ ಬಂದು ನಿಲ್ಲುವುದು ಒಂದೇ ಕಡೆ. "ಎಲ್ಲಾ ಅನುಕೂಲ ಇದೆಯಮ್ಮ, ಆದರೆ ಪಾಪ, ಅಲ್ಲಿ ಕೆಲಸದವಳು ಸಿಗೋಲ್ಲ. ಎಲ್ಲಾ ಇವಳೇ ಮಾಡ್ಕೋಬೇಕು." ಕೇಳಿದವರೂ "ಅಯ್ಯೋ ಪಾಪ" ಎನ್ನುತ್ತಾರೆ. ಈ 'ಪಾಪ'ದ ಬಗ್ಗೆ ನನ್ನ ತಕರಾರಿದೆ. ಅದು ಸಲ್ಲಬೇಕಾದವರಿಗೆ ಸಲ್ಲುತ್ತಿಲ್ಲ.

ನನ್ನ ಮಗಳು, ಅಳಿಯ ಇರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಬೆನ್ಸ್ ಕಾರಿನ ಊರು. ಆಡುಗೋಡಿಯವರಿಗೆಲ್ಲ ಗೊತ್ತಿರುವ ಬಾಷ್ ಕಂಪನಿ 1886ರಲ್ಲಿ ಹುಟ್ಟಿದ್ದೂ ಅಲ್ಲೇ. ಬೇಸಿಗೆ ರಜೆಗೆ ಕೂಡಿಟ್ಟ ಗಳಿಕೆ ರಜೆಯನ್ನು ಸೇರಿಸಿ ನಾನು ಎರಡು ಸಲ ಹೋಗಿ, ಎರಡೆರಡು ತಿಂಗಳು ಇದ್ದು ಬಂದಿದ್ದೇನೆ. ಅರಮನೆ, ಮ್ಯೂಸಿಯಮ್ಮುಗಳಿಗಿಂತ ಹೆಚ್ಚಾಗಿ ಅಡುಗೆಮನೆ, ಮೆಟ್ಟಿಲು, ಕಸದ ಡಬ್ಬ ನೋಡಿದ್ದೇನೆ. ಹೆಂಗಸರ ಕಣ್ಣು ಹೋಗುವುದೂ ಅಲ್ಲಿಗೇ ತಾನೆ?

ಆ ಸೀಮೆಯಲ್ಲಿ 'ಕೇರ್‌ವೊಖೆ' ಎಂಬ ಪದ್ಧತಿಯಿದೆ. 'ಗುಡಿಸುವ ವಾರ' ಎನ್ನಬಹುದು. ಐದಾರು ಸಂಸಾರಗಳಿರುವ ಕಟ್ಟಡದಲ್ಲಿ ಸರದಿಯಂತೆ ಒಂದೊಂದು ಮನೆಯ ಬಾಗಿಲಿಗೆ ಒಂದು ಫಲಕ ಬಂದು ತೂಗುತ್ತದೆ. ಫಲಕ ಬಂದ ವಾರ ಮೆಟ್ಟಿಲು ಗುಡಿಸಿ ಒರೆಸುವುದು ಆ ಮನೆಯವರ ಪಾಳಿ. ಹೊರಗಿನ ಪಾಳಿ ಬೇರೆ. ಕಟ್ಟಡದ ಮುಂದಿನ ಕಾಲುದಾರಿ ಗುಡಿಸಬೇಕು, ಚಳಿಗಾಲದಲ್ಲಿ ಹಿಮ ಎತ್ತಿ ಹಾಕಬೇಕು. ಊರನ್ನು ಚೊಕ್ಕಟವಾಗಿಡಬೇಕೆಂಬ ಕಟ್ಟಳೆ ಅಲ್ಲಿ 1492ರಷ್ಟು ಹಳೆಯದು. ನಗರಾಡಳಿತ 1988ರಲ್ಲಿ ತನ್ನ ನಿಯಮವನ್ನು ಕೈಬಿಟ್ಟಿತಾದರೂ ಬಾಡಿಗೆ ಕರಾರುಗಳಲ್ಲಿ ಈ ಪಾಳಿ ಉಳಿದುಕೊಂಡಿದೆ. ಡಾಕ್ಟರಾದರೂ ಸರಿ, ಡ್ರೈವರಾದರೂ ಸರಿ, ಫಲಕ ಬಂದರೆ ಪೊರಕೆ ಹಿಡಿಯಬೇಕು. ನಮ್ಮ ಮಗಳ ಮನೆಯಲ್ಲಿ ಹಿಡಿಯುವವರು ಅಳಿಯಂದಿರು. ನಮ್ಮ ಬೀಗಿತ್ತಿ ಫೋನು ಮಾಡಿ, "ನಮ್ಮ ಹುಡುಗ ಮೆಟ್ಟಿಲು ಒರೆಸ್ತಾನಂತೆ, ಹೌದೇ?" ಎಂದು ಕೇಳಿದ್ದರು, ಟೈಫಾಯ್ಡ್ ಬಂದಿದೆಯೇ ಎಂದು ಕೇಳುವ ದನಿಯಲ್ಲಿ. "ಹೌದು, ಚೆನ್ನಾಗಿಯೇ ಒರೆಸುತ್ತಾರೆ" ಎಂದೆ.

ಇನ್ನು, ಕೆಲಸದವರು ಸಿಗುವುದೇ ಇಲ್ಲ ಎನ್ನುವುದು ಸುಳ್ಳು. ಸಿಗುತ್ತಾರೆ, ಅಗ್ಗಕ್ಕೆ ಸಿಗುವುದಿಲ್ಲ. ಜರ್ಮನಿಯಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕನಿಷ್ಠ ಕೂಲಿಯ ಕಾನೂನು 2015ರಲ್ಲಿ ಜಾರಿಗೆ ಬಂತು, ಗಂಟೆಗೆ ಎಂಟೂವರೆ ಯೂರೋ. 2025ರಲ್ಲಿ ಅದು 12 ಯೂರೋ 82 ಸೆಂಟಿಗೆ ಏರಿತು. ಮನೆ ಒರೆಸುವವರಿಗೂ ಅದೇ ಲೆಕ್ಕ. ಕೆಲಸಕ್ಕೆ ಕರೆದವರು ಸರ್ಕಾರದಲ್ಲಿ ಹೆಸರು ನೋಂದಾಯಿಸಬೇಕು. ಕೆಲಸದಲ್ಲಿ ಬಿದ್ದು ಪೆಟ್ಟಾದರೆ ವಿಮೆ, ಕಾಯಿಲೆ ಬಿದ್ದರೂ ಸಂಬಳ, ವರ್ಷಕ್ಕೆ ಕನಿಷ್ಠ ನಾಲ್ಕು ವಾರ ಸಂಬಳಸಹಿತ ರಜೆ.

ಮಗಳ ಮನೆಗೆ ಹದಿನೈದು ದಿನಕ್ಕೊಮ್ಮೆ ಒಬ್ಬರು ಬಂದು ಎರಡು ಗಂಟೆ ಕೆಲಸ ಮಾಡಿ ಹೋಗುತ್ತಾರೆ. ಅವರು ಕೂರುವುದು ಊಟದ ಮೇಜಿನ ಕುರ್ಚಿಯಲ್ಲಿ. ಕಾಫಿ ಕುಡಿಯುವುದು ನಾವು ಕುಡಿಯುವ ಲೋಟದಲ್ಲಿ. ಜರ್ಮನ್ ಭಾಷೆಯಲ್ಲೂ ನಮ್ಮ ಹಾಗೆ 'ನೀನು', 'ನೀವು' ಎರಡೂ ಇವೆ: 'ಡು' ಮತ್ತು 'ಝೀ'. ಮಗಳು ಅವರಿಗೆ ಹೇಳುವುದು 'ಝೀ'. ಹೆಸರಿನ ಹಿಂದೆ 'ಫ್ರೌ', ಅಂದರೆ ಶ್ರೀಮತಿ. ನಮ್ಮ ಕನ್ನಡದಲ್ಲಿ ಬಹುವಚನಕ್ಕೆ ಬರಗಾಲವೇ? ಗೌರವ ಸೂಚಿಸಲು ಬಹುವಚನ ಬಳಸಬೇಕೆಂದು ಮೂವತ್ತು ವರ್ಷಗಳಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ. ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡ ಮಕ್ಕಳೇ ಮನೆಗೆ ಹೋಗಿ, ಅಜ್ಜಿಯ ವಯಸ್ಸಿನ ಹೆಂಗಸಿಗೆ "ಏಯ್, ಇಲ್ಲಿ ಒರೆಸೇ" ಎನ್ನುತ್ತವೆ. ಈ ವ್ಯಾಕರಣವನ್ನು ಅವು ಶಾಲೆಯಲ್ಲಿ ಕಲಿತದ್ದಲ್ಲ.

ಭಾನುವಾರದ ವಿಷಯಕ್ಕೆ ಬರೋಣ. ಭಾನುವಾರ ದುಡಿಮೆಯಿಂದ ಬಿಡುವಿನ ದಿನ ಎಂದು ಜರ್ಮನರು 1919ರ ಸಂವಿಧಾನದಲ್ಲೇ ಬರೆದುಕೊಂಡರು. 1949ರ ಸಂವಿಧಾನದಲ್ಲೂ ಅದನ್ನು ಉಳಿಸಿಕೊಂಡರು. ಆಸ್ಪತ್ರೆ, ರೈಲು, ಹೋಟೆಲುಗಳು ನಡೆಯುತ್ತವೆ. ಅಂಗಡಿಗಳು ಬಹುಮಟ್ಟಿಗೆ ಬಾಗಿಲು ಹಾಕಿರುತ್ತವೆ. ಖಾಲಿ ಬಾಟಲಿಗಳನ್ನು ಬೀದಿಯ ಗಾಜಿನ ಡಬ್ಬಕ್ಕೆ ಹಾಕಿ ಸದ್ದು ಮಾಡುವುದಕ್ಕೂ ಆ ದಿನ ಅಪ್ಪಣೆಯಿಲ್ಲ. ಹೊಸದಾಗಿ ಹೋದ ನಮ್ಮವರು, "ಭಾನುವಾರ ಒಂದು ಕಟ್ಟು ಕೊತ್ತಂಬರಿ ಸಿಗದ ಊರು" ಎಂದು ಗೊಣಗುತ್ತಾರೆ. ಕೊತ್ತಂಬರಿ ತೂಗುವ ಹುಡುಗಿಗೂ ಒಂದು ಮನೆ ಇದೆಯಲ್ಲ? ನಮ್ಮಲ್ಲಿ ನೆಂಟರು ಬರುವುದೇ ಭಾನುವಾರ. ಅಂದು ಮುಸುರೆ ಪಾತ್ರೆ ಎರಡರಷ್ಟು. ಅವಳು ಬಾರದಿದ್ದರೆ ಸೋಮವಾರ ವಿಚಾರಣೆ. ಸಾಂದರ್ಭಿಕ ರಜೆಯ ಅರ್ಜಿ ಬರೆಯುವ ಕೈಗಳೇ ಅವಳ ಸಂಬಳದಲ್ಲಿ ಎರಡು ದಿನದ್ದನ್ನು ಮುರಿದುಕೊಳ್ಳುವುದನ್ನು ಎಷ್ಟು ಮನೆಗಳಲ್ಲಿ ನೋಡಿಲ್ಲ!

"ಹಾಗಾದರೆ ಅಲ್ಲಿಯವರೆಲ್ಲ ದೇವತೆಗಳೋ?" ಎಂದು ನೀವು ಕೇಳಬಹುದು. ಖಂಡಿತ ಅಲ್ಲ. ಲೆಕ್ಕಕ್ಕೆ ತೋರಿಸದೆ ಕೈಗೆ ದುಡ್ಡು ಕೊಟ್ಟು ಮನೆಗೆಲಸ ಮಾಡಿಸುವವರು ಅಲ್ಲೂ ಇದ್ದಾರೆ. ಮುದುಕರನ್ನು ನೋಡಿಕೊಳ್ಳಲು ಪೋಲೆಂಡ್, ರೊಮೇನಿಯಾಗಳಿಂದ ಹೆಂಗಸರನ್ನು ಕರೆಸಿ ಹಗಲೂ ರಾತ್ರಿ ದುಡಿಸುವುದೂ ಇದೆ. ಬಲ್ಗೇರಿಯಾದಿಂದ ಬಂದ ಒಬ್ಬಾಕೆ, ಕಾಗದದಲ್ಲಿ ವಾರಕ್ಕೆ 30 ಗಂಟೆ ಎಂದು ಬರೆದು ಇಡೀ ದಿನ ದುಡಿಸಿಕೊಂಡರೆಂದು ಕೋರ್ಟಿಗೆ ಹೋದರು. ಕರೆದಾಗ ಎದ್ದು ಬರಲು ಕಾದು ಕೂತ ಹೊತ್ತೂ ದುಡಿಮೆಯೇ, ಅದಕ್ಕೂ ಕನಿಷ್ಠ ಕೂಲಿ ಸಲ್ಲಬೇಕು ಎಂದು ಅಲ್ಲಿನ ಕಾರ್ಮಿಕ ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ತೀರ್ಪು ಕೊಟ್ಟಿತು. ಅನ್ಯಾಯ ಎಲ್ಲ ಕಡೆಯೂ ಇದೆ. ಅದನ್ನು ಅನ್ಯಾಯ ಎಂದು ಕರೆಯುವ ಬಾಯಿಯೂ, ಕೇಳಿಸಿಕೊಳ್ಳುವ ಕಿವಿಯೂ ಇರಬೇಕು.

"ಅಲ್ಲಿ ಯಂತ್ರಗಳಿವೆ" ಎನ್ನುವ ಮಾತು ಇನ್ನೊಂದು. ಬಟ್ಟೆ ಒಗೆಯುವ ಯಂತ್ರ, ಮಿಕ್ಸಿ, ಗ್ರೈಂಡರು ನಮ್ಮಲ್ಲೂ ಇವೆ. ಕಕ್ಕಸು ತೊಳೆಯುವ ಯಂತ್ರ ಎರಡು ಕಡೆಯೂ ಮನೆಗೆ ಬಂದಿಲ್ಲ. "ನಾವು ಬಿಡಿಸಿದರೆ ಅವಳ ಹೊಟ್ಟೆಪಾಡೇನು?" ಎಂದೂ ಕೇಳುತ್ತಾರೆ. ಬಿಡಿಸಿ ಎಂದು ಯಾರು ಹೇಳಿದರು? "ಯೂರೋ ಲೆಕ್ಕದಲ್ಲಿ ಕೊಡಲು ನಮ್ಮಿಂದಾದೀತೇ?" ಬೇಡ, ನಮ್ಮ ಸರ್ಕಾರದ ಲೆಕ್ಕದಲ್ಲೇ ಕೊಡೋಣ. ಮನೆಗೆಲಸದವರಿಗೂ ಕನಿಷ್ಠ ವೇತನ ಉಂಟೆಂದು ಕರ್ನಾಟಕ 2004ರಲ್ಲೇ ಅಧಿಸೂಚನೆ ಹೊರಡಿಸಿದೆ. ಅದನ್ನು ಓದಿ ಸಂಬಳ ನಿಗದಿ ಮಾಡಿದ ಮನೆಯೊಂದನ್ನು ನಮ್ಮ ಬೀದಿಯಲ್ಲಿ ನಾನು ಕಂಡಿಲ್ಲ. ಪಕ್ಕದ ಮನೆಯವರು ಎಷ್ಟು ಕೊಡುತ್ತಾರೆ ಎಂಬುದೇ ನಮ್ಮ ಕಾನೂನು. ನಾಲ್ಕು ಕೆಲಸಕ್ಕೆ ನ್ಯಾಯವಾದ ಸಂಬಳ ಕೊಡಲಾಗದಿದ್ದರೆ ಎರಡು ಕೆಲಸಕ್ಕೆ ಕೊಡೋಣ. ಉಳಿದೆರಡನ್ನು ಮನೆಯವರು ಹಂಚಿಕೊಳ್ಳಲಿ. ಮನೆಯವರು ಎಂದರೆ ಹೆಂಗಸರಷ್ಟೇ ಅಲ್ಲ. ಇಲ್ಲಿ ಉಂಡ ತಟ್ಟೆ ಎತ್ತದ ಹುಡುಗ ಅಲ್ಲಿ ಮೆಟ್ಟಿಲು ಒರೆಸುತ್ತಾನೆ ಎಂದರೆ, ಅವನ ಕೈಗೆ ಶಕ್ತಿ ಇತ್ತು. ಇಲ್ಲಿ ಯಾರೂ ಅವನ ಕೈಗೆ ಬಟ್ಟೆ ಕೊಟ್ಟಿರಲಿಲ್ಲ ಅಷ್ಟೆ.

ಓದುಗ ಗೆಳತಿಯರೇ, ತನ್ನ ಮನೆಯನ್ನು ತಾನೇ ಒರೆಸಿಕೊಳ್ಳುವ ನಮ್ಮ ಮಗಳಿಗಾಗಿ ಮರುಗಬೇಡಿ. ಅವಳ ಕಷ್ಟ ಬೇರೆ ಇವೆ: ಭಾಷೆ, ಚಳಿ, ಹಬ್ಬದ ದಿನದ ಒಂಟಿತನ. ಪೊರಕೆ ಅವುಗಳಲ್ಲಿ ಒಂದಲ್ಲ. ನಿಮ್ಮ ಮರುಕಕ್ಕೆ ಹಕ್ಕುದಾರಳು ಹಿತ್ತಿಲ ಕಟ್ಟೆಯ ಮೇಲೆ, ಬೇರೆಯಾಗಿ ಎತ್ತಿಟ್ಟ ಲೋಟದಲ್ಲಿ ಕಾಫಿ ಕುಡಿಯುತ್ತಿದ್ದಾಳೆ. ಮರುಕವೂ ಆಕೆಗೆ ಬೇಕಿಲ್ಲ. ವಾರಕ್ಕೊಂದು ಬಿಡುವಿನ ದಿನ, ಕಾಯಿಲೆ ಬಿದ್ದಾಗ ಮುರಿಯದ ಸಂಬಳ, ಕೂರಲು ಒಂದು ಕುರ್ಚಿ, ಕರೆಯಲು ಒಂದು ಬಹುವಚನ. ಇವಕ್ಕೆ ವೀಸಾ ಬೇಕಿಲ್ಲ. ಬರುವ ತಿಂಗಳ ಒಂದನೇ ತಾರೀಖಿನಿಂದಲೇ ಶುರು ಮಾಡಬಹುದು.