ಇಟಲಿಯಲ್ಲಿ ಮಳೆಯಂತೆ

ಶನಿವಾರ ಬೆಳಗ್ಗೆ ಐದೂವರೆಗೆ ಕಾರಿಗೆ ಸಾಮಾನು ತುಂಬುತ್ತಿದ್ದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲಿ ನಾನೇನ್ ಮಾಡ್ಲಿ?” ನನ್ನ ಹತ್ರ ಉತ್ತರ ಇರಲಿಲ್ಲ. ಎರಡು ದಿನ ಅವರನ್ನ ಮನೇಲಿ ಒಬ್ಬರನ್ನೇ ಬಿಡೋಕೆ ಮನಸ್ಸಾಗದೆ ಕರ್ಕೊಂಡು ಹೊರಟಿದ್ದೆ, ಅಷ್ಟೆ.

ಹೊರಟಿದ್ದು ನಮ್ಮ ಹ್ಯಾಮ್ ರೇಡಿಯೋ ಕ್ಲಬ್ಬಿನ ಫೀಲ್ಡ್ ಡೇಗೆ. ಸರ್ಕಾರದ ಪರೀಕ್ಷೆ ಬರೆದು, ಲೈಸೆನ್ಸ್ ಪಡೆದು, ಸ್ವಂತ ರೇಡಿಯೋದಲ್ಲಿ ಊರು ದೇಶ ದಾಟಿ ಮಾತಾಡೋರು ಹ್ಯಾಮ್‌ಗಳು. ಆ ರೇಡಿಯೋಗಳನ್ನ ಕರೆಂಟು, ಮೊಬೈಲ್ ಟವರು ಯಾವುದನ್ನೂ ನೆಚ್ಚಿಕೊಳ್ಳದೆ ಬಯಲಲ್ಲಿ ನಡೆಸಿ ನೋಡೋದೇ ಫೀಲ್ಡ್ ಡೇ. ಅಮೆರಿಕದಲ್ಲಿ 1933ರಿಂದ ನಡೀತಿದೆ. ನೋಡೋಕೆ ಪಿಕ್ನಿಕ್ ಥರಾನೇ ಇರುತ್ತೆ. ಆದರೆ 2004ರ ಡಿಸೆಂಬರ್‌ನಲ್ಲಿ ಅಂಡಮಾನಿಗೆ ಸುನಾಮಿ ಬಡಿದಾಗ, ಹವ್ಯಾಸಕ್ಕೆಂದು ಪೋರ್ಟ್ ಬ್ಲೇರ್‌ಗೆ ಹೋಗಿದ್ದ ನಮ್ಮ ಹ್ಯಾಮ್‌ಗಳೇ ಅಲ್ಲಿದ್ದ ಎಷ್ಟೋ ಜನರ ಕ್ಷೇಮಸಮಾಚಾರ ಈಚೆ ದಡಕ್ಕೆ ಮುಟ್ಟಿಸಿದ್ದು.

ಜಾಗ, ತುಮಕೂರು ಕಡೆ ಸದಸ್ಯರೊಬ್ಬರ ತೆಂಗಿನ ತೋಟ. ಆಂಟೆನಾ ಅಂದ್ರೆ ಭಾರೀ ಏನೋ ಅಂದ್ಕೋಬೇಡಿ. ಎರಡು ಮರದ ನಡುವೆ ಬಟ್ಟೆ ಒಣಗಿಸೋ ಹಗ್ಗದ ಥರ ಕಟ್ಟಿದ ಸುಮಾರು 20 ಮೀಟರ್ ತಾಮ್ರದ ತಂತಿ, ಮಧ್ಯದಿಂದ ಕೆಳಗಿಳಿಯೋ ಒಂದು ಕೇಬಲ್. ಆ ಹಗ್ಗವನ್ನ ಗರಿಗಳ ಮೇಲೆ ಹಾಯಿಸೋದೇ ದೊಡ್ಡ ಕಸರತ್ತು. ದಾರದ ತುದಿಗೆ ಕಲ್ಲು ಕಟ್ಟಿ ಎಸೆದೆವು. ಮೂರು ಸಲ ಕಲ್ಲು ಅಲ್ಲೇ ಸಿಕ್ಕಿಕೊಂಡಿತು, ನಾಲ್ಕನೇ ಸಲ ಒಂದು ಬುರುಡೆ ನಮ್ಮ ತಿಂಡಿ ಡಬ್ಬದ ಪಕ್ಕ ಬಿತ್ತು. ಎಂಜಿನಿಯರುಗಳು ಏಳು ಜನ ಇದ್ವಿ. ಕೊನೆಗೆ ಹಗ್ಗ ಹಾಯಿಸಿದ್ದು ತೋಟದ ಕೆಲಸಕ್ಕೆ ಬಂದಿದ್ದ ಹುಡುಗ.

ಹಗಲು ನಾನು 7 ಮೆಗಾಹರ್ಟ್ಸ್‌ನಲ್ಲಿ ಕೂತು ಚೆನ್ನೈ, ಹೈದರಾಬಾದಿನವರ ಜೊತೆ ಮಾತಾಡಿ ಲಾಗ್ ತುಂಬಿಸಿದೆ. ಅಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿದ್ರು, ಅದೇ ಪೇಪರ್ ಎರಡನೇ ಸಲ. ಕಿವಿ ಮಂದ ಆಗಿ ಮೂರು ವರ್ಷ. ಹಿಯರಿಂಗ್ ಏಡ್ ಡಬ್ಬದಲ್ಲೇ ಇರುತ್ತೆ. ಯಾರಾದರೂ ಮಾತಾಡಿಸಿದರೆ ನಕ್ಕು ತಲೆ ಆಡಿಸ್ತಾರೆ. ಏನೂ ಕೇಳಿಸಿಲ್ಲ ಅಂತ ನನಗೆ ಮಾತ್ರ ಗೊತ್ತು.

ಒಂದು ವಿಷಯ ಹೇಳಲೇ ಇಲ್ಲ. ಅಪ್ಪ 34 ವರ್ಷ ತಂತಿ ಕಚೇರಿಯಲ್ಲಿದ್ದವರು. ಮೋರ್ಸ್ ಅವರ ಅನ್ನ. ಆದರೆ ಆ ಕೆಲಸದ ಬಗ್ಗೆ ಮಾತಾಡಿದ್ದು ಕಮ್ಮಿ. ಬೀದೀಲಿ ಯಾರ ಮನೇಲಿ ಸಾವಾಗಿದೆ ಅಂತ ಆ ಮನೆಯವರಿಗಿಂತ ಮೊದಲು ತನಗೆ ಗೊತ್ತಾಗ್ತಿತ್ತು, ಯಾರಿಗೂ ಬಾಯಿ ಬಿಡೋ ಹಾಗಿರಲಿಲ್ಲ ಅಂತ ಒಮ್ಮೆ ಹೇಳಿದ್ರು. 2013ರ ಜುಲೈನಲ್ಲಿ ತಂತಿ ಸೇವೆ ನಿಂತ ದಿನ ಟಿವಿ ಆಫ್ ಮಾಡಿ ಮಲಗಿದ್ರು.

ನನಗೋ ಮೋರ್ಸ್ ಬರಲ್ಲ. ನನ್ನದು ರಿಸ್ಟ್ರಿಕ್ಟೆಡ್ ಲೈಸೆನ್ಸ್, ಅದಕ್ಕೆ ಬೇಕಿಲ್ಲ. ಜನರಲ್‌ಗೆ ಬೇಕು. ಕ್ಲಬ್ಬಿನ ಹಿರಿಯರೊಬ್ಬರು ಸಂಜೆ ಪಕ್ಕದ ಡೇರೆಯಲ್ಲಿ 14 ಮೆಗಾಹರ್ಟ್ಸ್ ಹಿಡಿದು ಮೋರ್ಸ್‌ಗೆ ಕೂತರು. ಅಪ್ಪನ ಕಥೆ ಕೇಳಿ ಬಲವಂತವಾಗಿ ಹೆಡ್‌ಫೋನ್ ಹಾಕಿಸಿದರು. ಅಪ್ಪ ಒಂದು ನಿಮಿಷ ಕೇಳಿ ತೆಗೆದುಬಿಟ್ಟರು. “ಇದು ನಮ್ಮದಲ್ಲ. ನಮ್ಮದು ಟಕ್ಕು ಟಕ್ಕು ಅನ್ನೋದು. ಇದು ಪೀಪಿ.” ನಿಜ, ತಂತಿ ಕಚೇರಿಯ ಸೌಂಡರಿನಲ್ಲಿ ಪೀಪಿ ಸದ್ದೇ ಇಲ್ಲ. ಎರಡು ಟಕ್ಕುಗಳ ನಡುವಿನ ಬಿಡುವು ನೋಡಿ ಚುಕ್ಕಿಯೋ ಗೀಟೋ ಅಂತ ತಿಳ್ಕೋಬೇಕು.

ಹಿರಿಯರು ಬಿಡಲಿಲ್ಲ. ವಯಸ್ಸಾದಾಗ ಮೊದಲು ಹೋಗೋದು ಕೀಚಲು ದನಿಗಳು ಅಂತ ಅವರಿಗೆ ಸ್ವಂತ ಅನುಭವ. ಗುಂಡಿ ತಿರುಗಿಸಿ ಸದ್ದನ್ನ 500 ಹರ್ಟ್ಸ್‌ಗೆ ಇಳಿಸಿದರು, ಫಿಲ್ಟರ್ ಹಾಕಿ ಗೊರಗೊರ ತೆಗೆದರು. “ಈಗ ಕೇಳಿ ಸಾರ್.”

ಅಪ್ಪ ಸುಮ್ಮನೆ ಕೂತಿದ್ರು. ಆಮೇಲೆ ಕೈ ಚಾಚಿದರು. ಪೆನ್ ಕೇಳ್ತಿದ್ದಾರೆ ಅಂತ ನನಗೆ ಹೊಳೆಯೋಕೆ ಸ್ವಲ್ಪ ಹೊತ್ತು ಬೇಕಾಯ್ತು. ಮೊದಲು ‘ಐ’, ಎರಡೇ ಚುಕ್ಕಿ. ಇಟಲಿಯ ಕಾಲ್ ಸೈನ್. ಹಿರಿಯರು ಕೀ ಒತ್ತಿ ಉತ್ತರಿಸಿದರು, ಆ ಕಡೆಯಿಂದ ಹೆಸರು ಬಂತು, ಊರು ಬಂತು. ಅಪ್ಪ ಬರೀತಾ ಇದ್ರು, ಕಿವಿಗಿಂತ ಎರಡಕ್ಷರ ಹಿಂದೆ. ಇಲಾಖೆಯಲ್ಲಿ ಕಲಿತ ಕ್ರಮವಂತೆ, ಅವಸರ ಮಾಡಿದವನು ತಪ್ಪು ಬರೀತಾನೆ. ಕಂಪ್ಯೂಟರ್ ಅಕ್ಷರದಂಥ ಆ ಬರಹ ನಾನು ಚಿಕ್ಕಂದಿನಲ್ಲಿ ನೋಡಿದ್ದು.

ಹೆಡ್‌ಫೋನ್ ಒಂದು ಕಿವಿಯಿಂದ ಸರಿಸಿ ನನ್ನ ಕಡೆ ನೋಡಿದರು. “ಇಟಲೀಲಿ ಮಳೆಯಂತೆ ಕಣಮ್ಮ.” ಸ್ವಲ್ಪ ಹೊತ್ತು ಬಿಟ್ಟು, “ಮಳೆ ಅಂತ ಹೇಳೋಕೆ ಅಷ್ಟು ದೂರದಿಂದ ತಂತಿಯಾ? ಅದೂ ಪುಕ್ಕಟೆ?”

7,000 ಕಿಲೋಮೀಟರ್ ಆಚೆಯಿಂದ ಬಂದದ್ದು ಅಷ್ಟೇ ಸುದ್ದಿ. ಯಾರೂ ಸತ್ತಿರಲಿಲ್ಲ, ಯಾರೂ ಕೂಡಲೇ ಹೊರಡಬೇಕಿರಲಿಲ್ಲ.

ಮುಂದಿನ ಕರೆಗೆ ಅಪ್ಪನ ಕೈ ತಾನಾಗೇ ಕೀ ಕಡೆ ಹೋಯ್ತು. ಅರ್ಧದಲ್ಲೇ ನಿಂತು, “ನಾನು ಮುಟ್ಟಬಹುದಾ?” ಅಂದ್ರು. ಲೈಸೆನ್ಸ್ ಇಲ್ಲದವರು ಪ್ರಸಾರ ಮಾಡೋ ಹಾಗಿಲ್ಲ. ಹಿರಿಯರು ಮುಜುಗರದಿಂದಲೇ ಹೇಳಿದರು. ಇಲಾಖೆಯ ಮನುಷ್ಯ ಅಲ್ವಾ, ಅಪ್ಪ ಬೇಜಾರು ಮಾಡ್ಕೊಳ್ಳದೆ ಕೈ ಹಿಂದಕ್ಕೆ ತಗೊಂಡ್ರು. ನನಗೇ ತಡೀಲಿಲ್ಲ. ರಾತ್ರಿ ಊಟ ಆದ್ಮೇಲೆ, ಪ್ರಸಾರ ಬಂದ್ ಮಾಡಿ ಬರೀ ಸದ್ದು ಬರೋ ಹಾಗೆ ಹಿರಿಯರು ಕೀ ಕೊಟ್ಟರು. ಅಪ್ಪ ಏನು ಬಾರಿಸಿದರೋ ನನಗೆ ತಿಳೀಲಿಲ್ಲ. ಹಿರಿಯರು ಕಣ್ಣು ಮುಚ್ಚಿ ಕೇಳಿ, “ಇದು ಇಲಾಖೆ ಕೈ ಸಾರ್,” ಅಂದ್ರು. ಹನ್ನೊಂದೂವರೆಗೆ ನಾನೇ ಹೋಗಿ ಮಲಗಿ ಅಂತ ಗದರಬೇಕಾಯ್ತು.

ಭಾನುವಾರ ವಾಪಸ್ ಬರುವಾಗ ನೆಲಮಂಗಲ ಟೋಲ್ ಹತ್ರ ಟ್ರಾಫಿಕ್ಕು. ಅಪ್ಪನ ಬೆರಳು ಡ್ಯಾಶ್‌ಬೋರ್ಡ್ ಮೇಲೆ ಕುಟ್ಟುತ್ತಿತ್ತು. ಏನು ಅಂದೆ. ಮುಂದಿನ ಲಾರಿಯ ಹಿಂದಿದ್ದ ಇಂಗ್ಲಿಷ್ ಅಕ್ಷರಗಳನ್ನ ತೋರಿಸಿದರು, ಹಾರ್ನ್ ಮಾಡಿ ಅನ್ನೋದು.

“ಆ ಪರೀಕ್ಷೆ ಯಾವಾಗ ಬರುತ್ತೆ?” ಅಂದ್ರು. ನಾನು ಹೇಳಿದೆ. ಕೇಳಿಸಲಿಲ್ಲ. ಇನ್ನೊಮ್ಮೆ ಜೋರಾಗಿ ಹೇಳಿದೆ.