ಶುಲ್ಕ ಎಂದರೂ ಬಡ್ಡಿಯೇ

ಝರಾಸಂಗಂನಲ್ಲಿ ಕೂಲಿ ಸಿಗದ ವಾರ ಫೋನಿನಲ್ಲೇ ಸಾಲ ಸಿಗುತ್ತದೆ. ಹೀಗೊಂದು ಲೆಕ್ಕ ಹಾಕಿ: ಸಾಲ 5,000 ರೂಪಾಯಿ, ಶುಲ್ಕವೆಂದು 1,500 ಮೊದಲೇ ಮುರಿದು ಕೈಗೆ 3,500, ಏಳೇ ದಿನಕ್ಕೆ ಪೂರ್ತಿ 5,000 ವಾಪಸ್. ವರ್ಷಕ್ಕೆ ನೂರಕ್ಕೆ 2,200 ದಾಟುತ್ತದೆ! ತಿಂಗಳಿಗೆ ನೂರಕ್ಕೆ ಮೂರು ಕೇಳುವ ಸಾಹುಕಾರನನ್ನು ಬೈಯುತ್ತೇವೆ. ಅವನದು ವರ್ಷಕ್ಕೆ 36.

2020ರ ಕೊನೆಯಲ್ಲಿ ನಮ್ಮ ತೆಲಂಗಾಣದಲ್ಲೇ ಇಂಥ ಆ್ಯಪ್‌ಗಳ ಕಿರುಕುಳಕ್ಕೆ ಜನ ಪ್ರಾಣ ಕಳೆದುಕೊಂಡರು. ಬಂಧುಬಳಗಕ್ಕೆಲ್ಲ ಫೋನ್ ಮಾಡಿ ಮಾನ ಕಳೆಯುವುದೇ ಇವರ ವಸೂಲಿ. 2022ರಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಆ್ಯಪ್ ನಿಮ್ಮ ಫೋನಿನಲ್ಲಿರುವ ನಂಬರುಗಳನ್ನು ಮುಟ್ಟಬಾರದು; ಶುಲ್ಕವೆಲ್ಲ ಸೇರಿಸಿ ವಾರ್ಷಿಕ ದರ ಮೊದಲೇ ತೋರಿಸಬೇಕು. ಆದರೆ ಆ ದರಕ್ಕೆ ಮಿತಿ ಹಾಕಲಿಲ್ಲ. ಹೇಳಿ ಸುಲಿದರೆ ಸುಲಿಗೆಯಲ್ಲವೇ?

"ಸಾಲ ಮಾಡಿದ್ದು ಅವರ ತಪ್ಪು" ಎಂಬ ಮಾತು ಸಭೆಯಲ್ಲೂ ಕೇಳುತ್ತದೆ. ನೆಹೆಮೀಯ 5ನೇ ಅಧ್ಯಾಯ ಓದಿ. ಅವನು ಗದರಿಸಿದ್ದು ಬಡ್ಡಿ ತಿಂದ ಶ್ರೀಮಂತರನ್ನು. ಹೊಲವನ್ನೂ ಬಡ್ಡಿಯನ್ನೂ ಹಿಂದಿರುಗಿಸಿರೆಂದ.

ಸರ್ಕಾರ ದರಕ್ಕೆ ಮಿತಿ ಹಾಕಲಿ. ಸಭೆಯೂ ಕಾಣಿಕೆಯಲ್ಲೊಂದು ಪಾಲು ತೆಗೆದಿಟ್ಟು, ಬಡ್ಡಿಯಿಲ್ಲದ ಕೈಸಾಲ ಕೊಡಲಿ. ಬೆದರಿಕೆ ಬಂದವರು 1930ಕ್ಕೆ ಫೋನ್ ಮಾಡಿ. ಒಬ್ಬರೇ ಮಾಡಲು ಅಂಜಿಕೆಯಾದರೆ ಭಾನುವಾರ ಆರಾಧನೆಯ ನಂತರ ಬನ್ನಿ, ಪಕ್ಕದಲ್ಲಿ ಕೂರುತ್ತೇವೆ.