ಅಲೆಮಾರಿಯೂ ಅರಸನ ಕಣ್ಣೂ

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ಭರತ ಹುಣ್ಣಿಮೆಯ ತರುವಾಯ ವರ್ಷಕ್ಕೊಮ್ಮೆ, ಡೆಂಕನಮರಡಿಯ ಮೇಲೆ ಕರಿಯ ಕಂಬಳಿಯ ಗೊರವಯ್ಯನು ಎತ್ತರವಾದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಗರ್ಜಿಸಿದೊಡನೆ ನೆರೆದ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಆತನು ಒಂದೇ ಒಂದು ವಾಕ್ಯವನ್ನು ನುಡಿದು ಮೇಲಿನಿಂದ ಕೆಳಕ್ಕೆ ಬೀಳುತ್ತಾನೆ. ಮಳೆ, ಬೆಳೆ, ರಾಜ್ಯಭಾರಗಳ ಮುಂದಿನ ಗತಿಯೆಲ್ಲವೂ ಆ ನುಡಿಯಲ್ಲಿ ಅಡಗಿದೆಯೆಂದು ನಂಬಿದ ಜನರು ಊರಿಗೆ ಮರಳುವ ಬಸ್ಸಿನಲ್ಲಿಯೇ ಅದಕ್ಕೆ ಭಾಷ್ಯ ಹೇಳತೊಡಗುತ್ತಾರೆ. ಕಾರಣಿಕವೆಂಬ ಈ ಭವಿಷ್ಯವಾಣಿಯು ಎಲ್ಲರ ಕಿವಿಗೂ ಏಕಕಾಲದಲ್ಲಿ ಬೀಳುವ ಸುದ್ದಿ. ಒಬ್ಬನು ಕಂಡು, ಒಬ್ಬನಿಗೆ ಮಾತ್ರವೇ ಉಸುರಿ, ಉಸುರಿದವನ ಹೆಸರು ಕೂಡ ಉಳಿಯದೆ ಹೋಗುವ ಸುದ್ದಿ ಇನ್ನೊಂದಿದೆ. ಅದಕ್ಕೆ ಕನ್ನಡದಲ್ಲಿ ಬೇಹು ಎಂದು ಹೆಸರು.

ಬೇಹುಗಾರನೆಂದೊಡನೆ ನಮ್ಮ ಪೀಳಿಗೆಯವರ ಮನಸ್ಸಿಗೆ ಬರುವವನು ರಾಜಕುಮಾರರ ಸಿಐಡಿ 999. ದೊರೈ–ಭಗವಾನ್ ಜೋಡಿಯ ‘ಜೇಡರ ಬಲೆ’ 1968ರಲ್ಲಿ ತೆರೆಗೆ ಬಂದಿತು. ಬಳಿಕ ಅದೇ ಪತ್ತೇದಾರನು ಗೋವೆಗೂ ಹೋದನು, ಜಾಕ್‌ಪಾಟಿನ ಬೆನ್ನನ್ನೂ ಹತ್ತಿದನು. ಟೂರಿಂಗ್ ಟಾಕೀಸಿನ ನೆಲದ ಮೇಲೆ ಕುಳಿತು ಅದನ್ನು ನೋಡಿ ಸಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬನಾದುದರಿಂದ ಅದನ್ನು ಹಳಿಯುವ ಅಧಿಕಾರ ನನಗಿಲ್ಲ. ಆದರೆ ಎಲ್ಲರೂ ತಿರುಗಿ ನೋಡುವಂಥ ಉಡುಪು ತೊಟ್ಟವನು ಬೇಹಿಗೆ ನಿರುಪಯುಕ್ತನು. ಯಾರೂ ತಿರುಗಿ ನೋಡದವನೇ ಆ ಕಾರ್ಯಕ್ಕೆ ಯೋಗ್ಯನೆಂಬುದನ್ನು ನಮ್ಮ ಹಿಂದಿನವರು ಬಹು ಚೆನ್ನಾಗಿ ಬಲ್ಲರು.

ಇದರ ಶಾಸ್ತ್ರವು ಬೆಳಕಿಗೆ ಬಂದದ್ದೂ ಕನ್ನಡ ನೆಲದಲ್ಲಿಯೇ. ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದ ಗ್ರಂಥಲಿಪಿಯ ತಾಳೆಗರಿಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಅಚ್ಚುಹಾಕಿಸಿದರು. ಅದರಲ್ಲಿ ಗೂಢಪುರುಷರ ವಿಚಾರ ಬರುವೆಡೆಯಲ್ಲಿ ಕಾಣಿಸಿಕೊಳ್ಳುವವರು ಯಾರು? ಜಟೆ ಬಿಟ್ಟ ತಾಪಸ, ಊರೂರಿಗೆ ಸರಕು ಹೊರುವ ವರ್ತಕ, ಬೇಸಾಯ ಕೆಟ್ಟ ಗೃಹಸ್ಥ, ಮನೆಮನೆಗೆ ಹೋಗುವ ಭಿಕ್ಷುಕಿ, ನಟ, ಗಾಯಕ, ಶಕುನ ಹೇಳುವವನು. ಕೊಟ್ಟೂರಿನ ತೇರಿನ ದಿವಸ ಬಸ್ ನಿಲ್ದಾಣದಿಂದ ಮಠದವರೆಗೆ ನಡೆದುಹೋದರೆ ಈ ಪಟ್ಟಿಯಲ್ಲಿ ಮುಕ್ಕಾಲು ಪಾಲು ಎದುರಾಗುತ್ತದೆ. ವಿಶಾಖದತ್ತನ ಮುದ್ರಾರಾಕ್ಷಸದಲ್ಲಿಯೂ ಚಾಣಕ್ಯನ ಕಾರ್ಯವನ್ನು ಸಾಧಿಸಿಕೊಡುವವನು ವೀರನಲ್ಲ. ಯಮನ ಚಿತ್ರಪಟವನ್ನು ಬಿಚ್ಚಿ ತೋರಿಸುತ್ತ, ಹಾಡುತ್ತ, ಮನೆಯಿಂದ ಮನೆಗೆ ಅಲೆಯುವ ನಿಪುಣಕ. ಅಮಾತ್ಯ ರಾಕ್ಷಸನ ಮುದ್ರೆಯುಂಗುರ ದೊರೆಯುವುದು ಇಂಥವನ ಕೈಗೆ.

ಕಥೆಯಲ್ಲಿ ಮಾತ್ರವೇ ಹೀಗೆಂದು ಭಾವಿಸಬೇಕಾಗಿಲ್ಲ. ವಿಜಾಪುರದಲ್ಲಿದ್ದು ಚರಿತ್ರೆ ಬರೆದ ಫೆರಿಶ್ತನ ಹೇಳಿಕೆಯಂತೆ, 1398ರಲ್ಲಿ ವಿಜಯನಗರದ ಎರಡನೆಯ ಹರಿಹರನ ಸೇನೆ ಕೃಷ್ಣೆಯ ದಡದಲ್ಲಿ ಬೀಡುಬಿಟ್ಟಿದ್ದಾಗ, ಪ್ರವಾಹದಿಂದ ಹೊಳೆ ದಾಟಲಾರದೆ ನಿಂತಿದ್ದ ಬಹಮನಿ ಸುಲ್ತಾನ ಫಿರೋಜ್ ಷಹನ ಪಾಳೆಯದಿಂದ ಖಾಜಿ ಸಿರಾಜನೆಂಬವನು ಕೆಲವು ಸಂಗಡಿಗರೊಡನೆ ಫಕೀರನ ವೇಷದಲ್ಲಿ ಈಚೆಗೆ ಬಂದು, ನರ್ತಕಿಯೊಬ್ಬಳ ಸ್ನೇಹ ಸಂಪಾದಿಸಿ, ಮೇಳದವರೊಡನೆ ಸೇರಿ ರಾಜಪುತ್ರನ ಡೇರೆಯನ್ನು ಹೊಕ್ಕು, ಕಠಾರಿಯ ಕುಣಿತದ ನೆವದಿಂದ ಅವನನ್ನೇ ಕೊಂದನು. ಫೆರಿಶ್ತನು ಉತ್ಪ್ರೇಕ್ಷೆಗೆ ಹೇಸುವವನಲ್ಲವಾದ್ದರಿಂದ ಇದನ್ನು ಸ್ವಲ್ಪ ಸೋಸಿ ಗ್ರಹಿಸುವುದು ಲೇಸು. ಆದರೆ ಪಾಳೆಯದ ಕಾವಲು ಯಾರಿಗೆ ದಾರಿ ಬಿಡುತ್ತಿತ್ತೆಂಬ ವಿಷಯದಲ್ಲಿ ಆತನು ತಪ್ಪಿದ್ದಾನೆಂದು ನನಗೆ ತೋರುವುದಿಲ್ಲ.

ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳ ಸೀಮೆಯು ಪಾಳೆಯಗಾರರದಾಗಿತ್ತು. ಹರಪನಹಳ್ಳಿ, ಜರಿಮಲೆ, ಗುಡೇಕೋಟೆಗಳು ಒಂದರ ಮೇಲೊಂದು ಕಣ್ಣಿಟ್ಟುಕೊಂಡೇ ಬಾಳಿದವು. 1800ರಲ್ಲಿ ನಿಜಾಮನು ಈ ಸೀಮೆಯೂ ಸೇರಿದ್ದ ದತ್ತಮಂಡಲವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಾಗ ಅದರ ಆಡಳಿತಕ್ಕೆ ಬಂದವನು ಥಾಮಸ್ ಮನ್ರೋ. ಈತನ ಪೂರ್ವಚರಿತ್ರೆಯಲ್ಲಿ ಒಂದು ಸಂಗತಿ ಗಮನಾರ್ಹವಾದುದು: 1788ರಲ್ಲಿ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡನ ಕೈಕೆಳಗೆ ಕಂಪನಿಯ ಬೇಹಿನ ಇಲಾಖೆಯಲ್ಲಿ ಸಹಾಯಕನಾಗಿ ಸೇರಿದವನು ಇವನು. ಆ ಅಭ್ಯಾಸವು ಇಲ್ಲಿಯೂ ಬಿಡಲಿಲ್ಲ. ಎಂಬತ್ತು ಮಂದಿ ಪಾಳೆಯಗಾರರಿದ್ದ ಸೀಮೆಯಲ್ಲಿ ಏಳು ವರ್ಷ ಕಾಲ ಡೇರೆಯಿಂದ ಡೇರೆಗೆ ಅಲೆದು, ರೈತನ ಬಾಯಿಂದಲೇ ಹೊಲದ ಹುಟ್ಟುವಳಿಯನ್ನು ಕೇಳಿ ಬರೆಸಿ, ರೈತವಾರಿ ಪದ್ಧತಿಯನ್ನು ನೆಲೆಗೊಳಿಸಿದನು. ಜನರು ಅವನನ್ನು ಮಂಡವ ಋಷಿ ಎಂದು ಕರೆದರಂತೆ! ಬೇಹಿನವನು ತಾಪಸನ ವೇಷ ತೊಡುವುದನ್ನು ಕೌಟಿಲ್ಯನು ವಿಧಿಸಿದ್ದನು. ಇಲ್ಲಿ ವೇಷ ತೊಡದವನಿಗೂ ಜನರೇ ಋಷಿಪಟ್ಟ ಕಟ್ಟಿದರು. ಮನ್ರೋ ಮದರಾಸಿನ ಗವರ್ನರನಾಗಿದ್ದ 1823ರಲ್ಲಿಯೇ ಇತ್ತ ಮೈಸೂರಿನಲ್ಲಿ ಕೆಂಪುನಾರಾಯಣನು ಚಾಣಕ್ಯನ ತಂತ್ರಗಳನ್ನು ಮುದ್ರಾಮಂಜೂಷವೆಂಬ ಕನ್ನಡ ಗದ್ಯವಾಗಿ ರಚಿಸಿದ್ದು ಕಾಕತಾಳೀಯವೇ ಸರಿ, ಆದರೂ ಸೊಗಸಾದ ಕಾಕತಾಳೀಯ.

ಆದರೆ ಊರಿನ ಲೆಕ್ಕವೆಲ್ಲ ದಫ್ತರಕ್ಕೆ ಏರಿದ ಮೇಲೆ ಅಲೆಯುವವನ ಗತಿಯೇನಾಯಿತು? ಮೈಸೂರು ಯುದ್ಧಗಳಲ್ಲಿ ಎತ್ತುಗಳ ಮೇಲೆ ಧಾನ್ಯ ಹೊತ್ತು ಸೈನ್ಯಗಳನ್ನು ಸಾಕಿದ ಲಂಬಾಣಿಗಳು, ಉಪ್ಪು ಮಾರುತ್ತಿದ್ದ ಕೊರಚರು, ಎತ್ತನ್ನೇರಿ ಬಂದು ವಂಶಾವಳಿ ಓದುತ್ತಿದ್ದ ಹೆಳವರು, ಇವರೆಲ್ಲ ಒಂದು ಕಾಲಕ್ಕೆ ಊರಿಂದೂರಿಗೆ ಸುದ್ದಿಯನ್ನು ಹೊತ್ತವರು. ರಸ್ತೆ, ರೈಲು, ತಂತಿಗಳು ಬಂದ ಮೇಲೆ ಅವರ ಕಾಲು ಸರಕಾರಕ್ಕೆ ಬೇಡವಾಯಿತು. ಬೇಡವಾದ ಕಾಲು ಅಪಾಯಕರವಾಗಿ ಕಂಡಿತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ 1911ರಲ್ಲಿ ಮದರಾಸು ಪ್ರಾಂತ್ಯಕ್ಕೂ ವಿಸ್ತರಿಸಿತು. 1953ರ ಅಕ್ಟೋಬರ್ 1ರವರೆಗೆ ಈ ತಾಲ್ಲೂಕುಗಳು ಆ ಪ್ರಾಂತ್ಯದವೇ. ಕೊರವ–ಕೊರಚರಂಥ ಸಮುದಾಯಗಳಲ್ಲಿ ಹುಟ್ಟಿದ್ದೇ ಅಪರಾಧವಾಗಿ, ಬೆರಳಚ್ಚು ಕೊಡಬೇಕು, ಹಾಜರಿ ಹಾಕಬೇಕು, ಊರು ಬಿಡುವುದಕ್ಕೆ ಅಪ್ಪಣೆ ಪಡೆಯಬೇಕು ಎಂದಾಯಿತು. ಅರಸನು ಯಾರ ಕಣ್ಣನ್ನು ಎರವಲು ಪಡೆದಿದ್ದನೋ ಅವರ ಮೇಲೆಯೇ ಕಣ್ಣಿಡುವುದು ರಾಜ್ಯದ ಉದ್ಯೋಗವಾಯಿತು. ಸ್ವಾತಂತ್ರ್ಯಾನಂತರ ಕಾಯಿದೆ ರದ್ದಾದರೂ ಅದರ ನೆರಳು ರೂಢಿಗತ ಅಪರಾಧಿಗಳ ಕಾಯಿದೆಯೆಂಬ ಹೆಸರಿನಿಂದ ಉಳಿಯಿತು. ನಮ್ಮ ರಾಜ್ಯವೂ 1961ರಲ್ಲಿ ಅಂಥದೊಂದನ್ನು ಮಾಡಿಕೊಂಡಿತು. ಇಂಥ ಕಾಯಿದೆಗಳನ್ನು ಯಾವ ಸಂಕೋಚವೂ ಇಲ್ಲದೆ ಕಿತ್ತೊಗೆಯತಕ್ಕದ್ದೆಂಬುದು ನನ್ನ ಸ್ಪಷ್ಟವಾದ ಅಭಿಪ್ರಾಯ.

ಕಾಯಿದೆಯನ್ನಾದರೂ ಕಿತ್ತೊಗೆಯಬಹುದು, ಜನರ ಮನಸ್ಸಿನ ಶಂಕೆಯನ್ನು ಏನು ಮಾಡುವುದು? ಕೌಟಿಲ್ಯನಷ್ಟು ಸಂಶಯಗ್ರಸ್ತನಾದ ಆಡಳಿತಗಾರನು ಕೂಡ, ಒಬ್ಬರನ್ನೊಬ್ಬರು ಅರಿಯದ ಮೂವರು ಚರರ ಮಾತು ಒಂದಾದಾಗ ಮಾತ್ರ ಸುದ್ದಿಯನ್ನು ನಂಬಬೇಕೆಂದು ಕಟ್ಟುಮಾಡಿದನು. ನಮಗೆ ವಾಟ್ಸಾಪಿನ ಒಂದೇ ಸಂದೇಶ ಸಾಕಾಗಿದೆ. 2018ರ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಮಕ್ಕಳ ಕಳ್ಳರೆಂಬ ಗಾಳಿಮಾತಿನಿಂದ ಐವರು ಅಲೆಮಾರಿ ಭಿಕ್ಷುಕರನ್ನು ಜನರು ಹೊಡೆದು ಕೊಂದರು. ಸತ್ತವರಲ್ಲಿ ಹೆಚ್ಚಿನವರು ಬಸವಣ್ಣನವರಿದ್ದ ಮಂಗಳವೇಢೆಯ ಕಡೆಯವರು. ಅಪರಿಚಿತರನ್ನು ಗೂಢಚರರಂತೆ ಕಾಣುವ ಈ ರೋಗವು ಹೊಳೆಯ ಆಚೆಗೇ ನಿಂತಿದೆಯೆಂದು ಹೇಳುವ ಧೈರ್ಯ ನನಗಿಲ್ಲ.

ಹೋದ ಮಾಗಿಯಲ್ಲಿ ಹಗರಿಬೊಮ್ಮನಹಳ್ಳಿಯ ಸಮೀಪದ ನಂಟರ ಮನೆಯಲ್ಲಿದ್ದೆನು. ನಸುಕಿನಲ್ಲಿ ಬುಡಬುಡಿಕೆಯ ಸದ್ದು ಕೇಳಿ ಬಾಗಿಲು ತೆರೆದರೆ, ತಲೆಗೆ ರುಮಾಲು ಸುತ್ತಿದ ಮುದುಕನೊಬ್ಬ ಅಂಗಳದಾಚೆಯೇ ನಿಂತಿದ್ದಾನೆ. ಹಾಲಕ್ಕಿಯ ಶಕುನ ನುಡಿಯುತ್ತಾನೆಂದು ಕಾದೆನು. ಆತನಾದರೋ ಡಮರುವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಆಧಾರ್ ಕಾರ್ಡನ್ನು ತೆಗೆದು ನನ್ನ ಮುಂದೆ ಹಿಡಿದನು.

“ಮೊದ್ಲು ಇದನ್ನ ನೋಡ್ರಿ ಯಪ್ಪಾ. ಆಮ್ಯಾಕೆ ಶಕುನ ಹೇಳ್ತೀನಿ.”